ಎರಡನೆಯ ಅಳತೆ

ನಮ್ಮ ಮನೆಯ ಹಜಾರದಲ್ಲಿ ಒಂದು ಸ್ವಿಚ್‌ಬೋರ್ಡ್ ಇದೆ. ಮೂರು ಸಾಲುಗಳಲ್ಲಿ ಒಂಬತ್ತು ಸ್ವಿಚ್ಚುಗಳು. ಎಲ್ಲಕ್ಕೂ ಒಂದೇ ಬಿಳುಪು, ಒಂದೇ ಆಕಾರ, ಒಂದೇ ನಿರ್ಲಿಪ್ತ ಮುಖಭಾವ. ಆಂಧ್ರದ ಗಡಿಯೂರು ರಾಯದುರ್ಗದ ಬಿಸಿಲಿನಲ್ಲಿ ಬೆವರಿ ಬಂದ ನಾನು ಫ್ಯಾನು ಹಾಕಲೆಂದು ಒಂದನ್ನು ಒತ್ತಿದರೆ ಹಾಡಹಗಲಿನಲ್ಲಿ ಜಗಲಿಯ ದೀಪ ಹೊತ್ತಿಕೊಳ್ಳುತ್ತದೆ. ತಪ್ಪು ತಿದ್ದಿಕೊಳ್ಳಲು ಹೋದರೆ ದೇವರಮನೆ ಬೆಳಗುತ್ತದೆ. ಮೂರನೆಯದನ್ನು ಒತ್ತಿದಾಗ ಏನೂ ಆಗುವುದಿಲ್ಲ, ಅಥವಾ ಆದದ್ದು ನನ್ನ ಕಣ್ಣಿಗೆ ಬೀಳದ ಎಡೆಯಲ್ಲೆಲ್ಲೋ ಆಗಿರುತ್ತದೆ. ಈ ಮನೆಗೆ ಬಂದು ಹನ್ನೊಂದು ವರ್ಷವಾಯಿತು. ನನ್ನ ಹೆಂಡತಿ ಗಿರಿಜೆ ಎರಡೂ ಕೈಯಲ್ಲಿ ತಟ್ಟೆ ಹಿಡಿದು ಅಡುಗೆಮನೆಯಿಂದ ಬರುತ್ತ, ಮೊಣಕೈಯಿಂದಲೇ ಸರಿಯಾದ ಸ್ವಿಚ್ಚನ್ನು ಒತ್ತಿ ಮುಂದೆ ಸಾಗುತ್ತಾಳೆ. ಆಗೆಲ್ಲ ನಾನು "ನನ್ನ ತಲೆಯೇ ಸರಿಯಿಲ್ಲ" ಎಂದು ನಗುತ್ತೇನೆ. ಆಕೆ ಅದನ್ನು ಇದುವರೆಗೆ ಅಲ್ಲಗಳೆದಿಲ್ಲ.

ಯಂತ್ರವೊಂದು ಕೈಗೆ ಒಗ್ಗದಿದ್ದಾಗ ನಾವು ಮೊದಲು ಬೈದುಕೊಳ್ಳುವುದು ನಮ್ಮನ್ನೇ. ನೀವೂ ಎಂದಾದರೂ ರೈಲು ಟಿಕೆಟ್ಟಿನ ಪರದೆಯ ಮುಂದೆ ಕೂತು, ತುಂಬಿದ್ದನ್ನೇ ಮತ್ತೆ ತುಂಬಿ, ಕೊನೆಗೆ ಪಕ್ಕದವರಿಗೆ "ನಮಗೆ ಇದೆಲ್ಲ ಬರುವುದಿಲ್ಲ ಬಿಡಿ" ಎಂದು ಸೌಜನ್ಯದಿಂದ ಶರಣಾಗಿರಬಹುದು. ಅಂಗಿಯ ಕೊರಳಪಟ್ಟಿ ಬಿಗಿಯಾದರೆ ಮಾತ್ರ ನಾವು ನಮ್ಮ ಕತ್ತನ್ನು ಬೈಯುವುದಿಲ್ಲ. ಸೀದಾ ದರ್ಜಿಯ ಅಂಗಡಿಗೆ ಹೋಗಿ ಜಗಳ ತೆಗೆಯುತ್ತೇವೆ. ಈ ವ್ಯತ್ಯಾಸ ನನಗೆ ಹೊಳೆದದ್ದು ತೀರ ಈಚೆಗೆ, ಅದೂ ಒಬ್ಬ ದರ್ಜಿಯ ಟೇಪು ನನ್ನ ಹೊಟ್ಟೆಯನ್ನು ಸುತ್ತಿಕೊಂಡಿದ್ದಾಗ.

ನಾನು ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ ಪಾಠ ಹೇಳಿ ನಿವೃತ್ತನಾದವನು. ಕಂಪ್ಯೂಟರಿಗೂ ನನಗೂ ಇದ್ದ ಸಂಬಂಧ, ದೂರದ ನೆಂಟರ ಮದುವೆಗೆ ಹೋದಾಗ ಇರುವಷ್ಟೇ. ಹೀಗಿರುವಾಗ ನನ್ನ ಹಳೆಯ ವಿದ್ಯಾರ್ಥಿನಿ ವನಜಾ ಫೋನು ಮಾಡಿದಳು. ಈಗ ಅವಳು ಅನಂತಪುರದ ಒಂದು ಕಾಲೇಜಿನಲ್ಲಿ ಕಂಪ್ಯೂಟರು ಕಲಿಸುತ್ತಾಳೆ. ನಮ್ಮೂರಿನ ಒಂದು ಹೊಲಿಗೆ ಯೂನಿಟ್ಟಿಗೆ ಸುತ್ತಲಿನ ಶಾಲೆಗಳ ಸಮವಸ್ತ್ರದ ಕೆಲಸ ಬಂದಿತ್ತು. ಶಾಲೆಗೆ ಹೋಗಿ ಒಂದೊಂದು ಮಗುವಿನ ಅಳತೆ ತೆಗೆದು ಅಲ್ಲೇ ಟ್ಯಾಬಿನಲ್ಲಿ ತುಂಬಿದರೆ ಅದು ನೇರವಾಗಿ ಕತ್ತರಿ ಮೇಜಿಗೆ ತಲುಪುವಂಥ ತಂತ್ರಾಂಶವನ್ನು ಅವಳೂ ಅವಳ ವಿದ್ಯಾರ್ಥಿಗಳೂ ಸೇರಿ ಮಾಡುತ್ತಿದ್ದರು. ಪರದೆಯ ಮೇಲಿನ ಮಾತುಗಳನ್ನು ತೆಲುಗಿನ ಜೊತೆಗೆ ಕನ್ನಡದಲ್ಲೂ ಇಡಬೇಕು, ಅದನ್ನು ನೀವೇ ಬರೆದುಕೊಡಬೇಕು ಸಾರ್, ಎಂದಳು. ಕಪ್ಪು ಹಲಗೆಯ ಮೇಲೆ ಬರೆದು ಒರೆಸಿ ಆಯುಷ್ಯ ಸವೆಸಿದವನ ಕನ್ನಡ ಇನ್ನು ಗಾಜಿನೊಳಗೆ ಹೊಳೆಯುತ್ತದೆ ಎಂಬ ಕಲ್ಪನೆಯಿಂದ ನಾನು ಎರಡು ದಿನ ನೆಲದ ಮೇಲೆ ನಡೆಯಲಿಲ್ಲ.

ಆ ಉತ್ಸಾಹದಲ್ಲಿ ನಾನು ಸೃಷ್ಟಿಸಿದ ಪದಸಂಪತ್ತನ್ನು ನೆನೆದರೆ ಈಗ ಕಿವಿ ಬಿಸಿಯಾಗುತ್ತದೆ. ಹಿಂದಕ್ಕೆ ಹೋಗುವ ಗುಂಡಿಗೆ 'ಪ್ರತ್ಯಾಗಮನ', ಎದೆಯಳತೆಗೆ 'ವಕ್ಷ ಪರಿಮಾಣ', ಭುಜಕ್ಕೆ 'ಸ್ಕಂಧ'. ಯೂನಿಟ್ಟಿನ ಹಿರಿಯ ಟೈಲರ್ ಸರೋಜಮ್ಮ ಮೊದಲ ದಿನವೇ ಕನ್ನಡಕ ಏರಿಸಿಕೊಂಡು ಅದನ್ನು ಓದಿ, "ಇದು ಸುಬ್ರಮಣ್ಯ ಸ್ವಾಮಿ ಹೆಸರಲ್ರೀ ಸಾರ್, ಇಲ್ಯಾಕ ಬರದಾರ?" ಎಂದು ಭಕ್ತಿಯಿಂದಲೇ ಕೇಳಿದರು. ಅಂದು ಸಂಜೆಯೊಳಗೆ ಸ್ಕಂಧ ಹೋಗಿ ಶೋಲ್ಡರ್ ಬಂತು.

ಗುಂಡಿಗಳಿಗೆ ಹೆಸರಿಡುವ ವಿಷಯದಲ್ಲಿ ನನಗಿಂತ ನನ್ನ ಅಕ್ಕ ಜಾಣೆ ಎಂದು ಇಲ್ಲಿಯೇ ಒಪ್ಪಿಕೊಂಡುಬಿಡುತ್ತೇನೆ. ನಾನು ಹುಟ್ಟಿದ್ದು ಮಡಕಶಿರಾ ತಾಲ್ಲೂಕಿನಲ್ಲಿ, ಅಲ್ಲಿನ ಗುಡಿಬಂಡೆಯ ಹತ್ತಿರ. ಅಕ್ಕ ಇನ್ನೂ ಅಲ್ಲಿಯೇ ಹಿಪ್ಪುನೇರಳೆ ತೋಟ ನೋಡಿಕೊಂಡಿದ್ದಾಳೆ. ಅವಳ ಕೊಳವೆಬಾವಿಯ ಸ್ಟಾರ್ಟರಿನ ಎರಡು ಗುಂಡಿಗಳ ಬಣ್ಣ ಎಂದೋ ಬಿಸಿಲಿಗೆ ಹಾರಿಹೋಗಿದೆ, ಅಕ್ಷರ ಮಾಸಿದೆ. ಕಳೆದ ಸಲ ಹೋದಾಗ ಮೋಟರು ಹಾಕಲು ಹೋಗಿ ನಾನು ಅದರೆದುರು ವಿಚಾರಮಗ್ನನಾಗಿ ನಿಂತಿದ್ದೆ. ಅಕ್ಕ ಸೊಪ್ಪಿನ ಹೊರೆ ಇಳಿಸದೆಯೇ ಹೇಳಿದಳು: "ಅಷ್ಟೂ ಗೊತ್ತಾಗಲ್ವೇನಪ್ಪ ನಿಂಗೆ? ಕುಂಕುಮ ಇಕ್ಕಿರೋದು ಓಡೋಕೆ, ಈಬೂತಿ ಬಳ್ದಿರೋದು ನಿಲ್ಲೋಕೆ." ಆಯುಧಪೂಜೆಯ ದಿನ ಎಲ್ಲಕ್ಕೂ ಎರಡನ್ನೂ ಹಚ್ಚುವ ಊರಿನಲ್ಲಿ ಅವಳೊಬ್ಬಳು ಹೀಗೆ ವಿಂಗಡಿಸಿ ಪೂಜಿಸಿದ್ದಳು. ಅವಳ ಮನೆಯಲ್ಲಿ ಚಿಕ್ಕವರು ದೊಡ್ಡವರು ಯಾರೂ ಈವರೆಗೆ ತಪ್ಪು ಗುಂಡಿ ಒತ್ತಿಲ್ಲ, ನನ್ನನ್ನು ಬಿಟ್ಟು.

ಮತ್ತೆ ರಾಯದುರ್ಗಕ್ಕೆ ಬರೋಣ. ಪದ ಬರೆದುಕೊಟ್ಟ ಮೇಲೆ ವನಜಾ ಇನ್ನೊಂದು ಹೊಣೆಯನ್ನೂ ನನ್ನ ಹೆಗಲಿಗೆ ಹಾಕಿದಳು. ಟ್ಯಾಬನ್ನು ಬಳಸುವವರ ಪಕ್ಕದಲ್ಲಿ ಕೂತು, ಅವರು ಎಲ್ಲಿ ತಡವರಿಸುತ್ತಾರೆ, ಎಲ್ಲಿ ತಪ್ಪುತ್ತಾರೆ ಎಂದು ಬರೆದುಕೊಳ್ಳಬೇಕು. ಆದರೆ ಕೂತವನು ಬಾಯಿ ಬಿಡಕೂಡದು; ಹೇಳಿಕೊಡಕೂಡದು, ಕೇಳಕೂಡದು, ಹುಬ್ಬನ್ನೂ ಏರಿಸಕೂಡದು. ಮಾತಾಡುವುದಕ್ಕೇ ಸಂಬಳ ಪಡೆದು ಬದುಕಿದವನಿಗೆ ಇದು ಎಂಥ ತಪಸ್ಸು ಎಂಬುದನ್ನು ನೀವೇ ಊಹಿಸಿ. ಮೊದಲ ದಿನ ನಾನು ನಾಲಗೆಯ ಮೇಲೆ ಎರಡು ಲವಂಗ ಇಟ್ಟುಕೊಂಡು ಹೋಗಿದ್ದೆ.

ಯೂನಿಟ್ಟಿನಲ್ಲಿ ಅಳತೆಯ ಕೆಲಸ ಮೊದಲಿನಿಂದಲೂ ಸರೋಜಮ್ಮನವರದು. ಐವತ್ತು ದಾಟಿದ ಹೆಂಗಸು. ಕೊರಳಲ್ಲಿ ಸದಾ ಟೇಪು, ಕಿವಿಯ ಮೇಲೆ ಪೆನ್ಸಿಲ್ಲು. ಊರಿನ ಅರ್ಧ ಜನರ ಭುಜದ ಅಳತೆ ಅವರ ಬಾಯಲ್ಲಿದೆ. ಆದರೆ ಮಾಲೀಕರು ಒಂದು ಮಾತು ಹೇಳಿಬಿಟ್ಟಿದ್ದರು: ಟ್ಯಾಬು ಬಂದವರು ಅಳತೆಗೆ, ಬಾರದವರು ಗುಂಡಿ ಹಚ್ಚಿ ದಾರ ಕತ್ತರಿಸುವುದಕ್ಕೆ. ಯಾರಿಗೆ ಬಂತು, ಯಾರಿಗೆ ಬರಲಿಲ್ಲ ಎಂಬುದಕ್ಕೆ ನನ್ನ ಟಿಪ್ಪಣಿ ಪುಸ್ತಕವೇ ಪ್ರಮಾಣ. ಸರೋಜಮ್ಮ ಇದನ್ನು ಬಲ್ಲರು. ಹಾಗಾಗಿ ಅವರು ಪರೀಕ್ಷೆಯ ದಿನ ಇಸ್ತ್ರಿ ಮಾಡಿದ ಸೀರೆ ಉಟ್ಟುಕೊಂಡು ಬಂದು, ನನ್ನೆದುರು ಬೆನ್ನು ನೆಟ್ಟಗೆ ಮಾಡಿ ಕೂತರು.

ಪಕ್ಕದ ಓಣಿಯ ಮೂವರು ಮಕ್ಕಳು ಅಳತೆಗೆ ನಿಂತಿದ್ದರು. ಸರೋಜಮ್ಮ ಮೊದಲ ಮಗುವಿನ ಭುಜ, ಎದೆ, ತೋಳು ಅಳೆದು ಒಂದೊಂದೇ ಅಂಕಿಯನ್ನು ತಪ್ಪಿಲ್ಲದೆ ತುಂಬಿದರು. ಕೊನೆಗೆ ಪರದೆ ನನ್ನ ಭಾಷೆಯಲ್ಲಿ 'ದೃಢೀಕರಿಸುವಿರಾ?' ಎಂದು ಕೇಳಿತು. ಕೆಳಗೆ 'ಹೌದು', 'ಇಲ್ಲ' ಎಂದು ಎರಡು ಗುಂಡಿ. ಸರೋಜಮ್ಮ ಕ್ಷಣಕಾಲ ಯೋಚಿಸಿ 'ಇಲ್ಲ' ಒತ್ತಿದರು. ತುಂಬಿದ್ದೆಲ್ಲ ಮಾಯವಾಗಿ ಖಾಲಿ ಪರದೆ ಬಂತು. ಅವರು ಬೇಸರವಿಲ್ಲದೆ ಮತ್ತೆ ಟೇಪು ಎತ್ತಿಕೊಂಡು ಅಳೆದರು, ತುಂಬಿದರು, ಮತ್ತೆ 'ಇಲ್ಲ' ಒತ್ತಿದರು. ಮೂರನೆಯ ಸುತ್ತಿಗೆ ಮಗು ಕೈ ಸೋತು ಅಲ್ಲೇ ಕೂತುಬಿಟ್ಟಿತು.

ತೊಡಕು ನನ್ನ ಪದದಲ್ಲಿದೆ ಎಂದುಕೊಂಡೆ. ವನಜಾಗೆ ಹೇಳಿ ಮರುದಿನ ಅದನ್ನು 'ಖಚಿತವೇ?' ಎಂದು ಬದಲಾಯಿಸಿದೆವು. ಸರೋಜಮ್ಮ 'ಇಲ್ಲ' ಒತ್ತಿದರು. ಅದರ ಮರುದಿನ ನಾಚಿಕೆ ಬಿಟ್ಟು 'ಗ್ಯಾರಂಟಿನಾ?' ಎಂದು ಬರೆಸಿದೆ. ಈ ಸಲ ಅವರು ಯೋಚಿಸಲೂ ಇಲ್ಲ. ಹಿಂದಿಗಿಂತ ಹೆಚ್ಚು ಗಟ್ಟಿಯಾಗಿ 'ಇಲ್ಲ' ಒತ್ತಿದರು. ಹೊಸದಾಗಿ ಕೆಲಸಕ್ಕೆ ಸೇರಿದ ಇನ್ನೊಬ್ಬಾಕೆ ಮಾತ್ರ ಪ್ರಶ್ನೆ ಪೂರ್ತಿ ಮೂಡುವ ಮೊದಲೇ 'ಹೌದು' ಒತ್ತಿ ಒತ್ತಿ, ಮೂರು ಮಕ್ಕಳನ್ನೂ ಮುಗಿಸಿ ಚಹಾ ಕುಡಿಯಲು ಹೋದಳು. ನಾನು ಪುಸ್ತಕದಲ್ಲಿ ಆಕೆಯ ಹೆಸರಿನ ಮುಂದೆ ಮೂರು ಎಂದೂ ಸರೋಜಮ್ಮನವರ ಹೆಸರಿನ ಮುಂದೆ ಸೊನ್ನೆ ಎಂದೂ ಬರೆದೆ. ಸೊನ್ನೆ ಬರೆಯುವುದರಲ್ಲಿ ನನಗೆ ಬಹಳ ವರ್ಷಗಳ ಅಭ್ಯಾಸವಿದೆ, ಆದರೂ ಅದು ಅಷ್ಟು ದುಂಡಗೆ ಬರಲಿಲ್ಲ.

ವರದಿ ಕಳಿಸಬೇಕಾದ ಹಿಂದಿನ ದಿನ ಸಂಜೆ ನಾನು ಸರೋಜಮ್ಮನವರ ಮನೆಗೆ ಹೋದೆ. ಒಂದು ಅಂಗಿ ಹೊಲಿಸಬೇಕಿತ್ತು ಎಂಬುದು ನೆಪ, ಮನಸ್ಸು ಚುಚ್ಚುತ್ತಿತ್ತು ಎಂಬುದು ನಿಜ. ಅವರು ಪರೀಕ್ಷೆಯ ಮಾತೆತ್ತದೆ ಟೇಪು ಹಿಡಿದು ಭುಜ, ತೋಳು, ಎದೆ, ಹೊಟ್ಟೆ ಎಂದು ಅಳೆದು ಚೀಟಿಯಲ್ಲಿ ಬರೆದರು. ಮುಗಿಯಿತೆಂದು ನಾನು ಚಪ್ಪಲಿಯ ಕಡೆ ಹೊರಟರೆ, "ನಿಂದರ್ರಿ, ಇನ್ನೊಮ್ಮೆ" ಎಂದರು. ಹಿಂದೆಯೂ ಅವರಲ್ಲಿ ಅಂಗಿ ಹೊಲಿಸಿದ್ದ ನನಗೆ ಅವರು ಹೀಗೆ ಎರಡು ಸಲ ಅಳೆಯುವುದು ಹೊಸದಲ್ಲ. ಪ್ರತಿ ಸಲವೂ ಕಾದು ಬೇಸತ್ತವನೇ. ಎರಡು ನಿಮಿಷದಲ್ಲಿ ನಾನೇನು ಬೆಳೆದೆನೆ ಎಂದು ಕೇಳಿದೆ.

"ಮೊದಲ್ನೇ ಸಲ ಟೇಪು ಹಿಡದಾಗ ಎಲ್ಲಾರೂ ಹೊಟ್ಟಿ ಒಳಗ ಎಳ್ಕೊಂಡಿರ್ತಾರ್ರಿ ಸಾರ್" ಎಂದರು ಸರೋಜಮ್ಮ, ನನ್ನ ಹೊಟ್ಟೆಯ ಮೇಲಿನ ಅಂಕಿಯನ್ನು ಓದುತ್ತ. "ಹುಡುಗ್ರು ಎದಿ ಉಬ್ಬಿಸಿರ್ತಾವ. ಮುಗೀತು ಅಂತ ಉಸಿರು ಬಿಡ್ತಾರ ನೋಡ್ರಿ, ಆಗ ಹಿಡಿಬೇಕು. ಎರಡನ್ನೂ ಜೋಡಿಸಿ ನೋಡಿದ ಮ್ಯಾಲೇ ಕತ್ತರಿ. ಒಂದೇ ಸಲ ಅಳದು, ಖಚಿತಾನಾ ಅಂತ ಕೇಳಿದ್ರ ಹೌದು ಅಂತ ಹ್ಯಾಂಗ ಹೇಳಾದು? ಆ ಟ್ಯಾಬು ಮೊದಲ್ನೇದನ್ನ ಅಳಿಸೇ ಬಿಡ್ತದ. ಯಾವುದಕ್ಕ ಜೋಡಿಸಿ ನೋಡ್ಲಿ?"

ಚೀಟಿಯನ್ನು ನೋಡಿದೆ. ಮೊದಲ ಅಳತೆಗಿಂತ ಎರಡನೆಯದರಲ್ಲಿ ನನ್ನ ಹೊಟ್ಟೆ ಎರಡಿಂಚು ಸತ್ಯಕ್ಕೆ ಹತ್ತಿರವಾಗಿತ್ತು. ಸರೋಜಮ್ಮನಿಗೆ ನನ್ನ ಪ್ರಶ್ನೆ ಮೊದಲ ದಿನದಿಂದಲೇ ಚೆನ್ನಾಗಿ ಅರ್ಥವಾಗಿತ್ತು. ಅದನ್ನು ಪ್ರಶ್ನೆಯೆಂದು ತಿಳಿದು ಪ್ರಾಮಾಣಿಕವಾಗಿ ಉತ್ತರ ಕೊಟ್ಟವರು ಇಡೀ ಯೂನಿಟ್ಟಿನಲ್ಲಿ ಅವರೊಬ್ಬರೇ; ಅದಕ್ಕೆ ನಾನು ಸೊನ್ನೆ ಕೊಟ್ಟಿದ್ದೆ. ನನಗೆ ನಿಜವಾಗಿಯೂ ನಾಚಿಕೆಯಾಯಿತು.

ದಾರಿಯುದ್ದಕ್ಕೂ ಅದೇ ಯೋಚನೆ. ಪರೀಕ್ಷಕನ ಮುಂದೆ ಕೂತವರೆಲ್ಲ ಹೊಟ್ಟೆ ಒಳಗೆಳೆದುಕೊಂಡೇ ಕೂತಿರುತ್ತಾರೆ. ಇಸ್ತ್ರಿ ಮಾಡಿದ ಸೀರೆಯೂ ನೆಟ್ಟಗಿನ ಬೆನ್ನೂ ಅದೇ ಅಲ್ಲವೆ? ಮೇಷ್ಟರ ಸೀಮೆಸುಣ್ಣ ತನಗೆ ಗೊತ್ತಿರುವುದನ್ನು ಎದುರಿನವರಿಗೆ ತೋರಿಸಲು ಹಲಗೆಯ ಮೇಲೆ ಬರೆಯುತ್ತದೆ. ದರ್ಜಿಯ ಸೀಮೆಸುಣ್ಣ ಎದುರಿನವರಿಂದ ತಾನು ತಿಳಿದದ್ದನ್ನು ಬಟ್ಟೆಯ ಮೇಲೆ ಗುರುತು ಹಾಕಿಕೊಳ್ಳುತ್ತದೆ. ಎಷ್ಟೋ ವರ್ಷ ಮೊದಲನೆಯದನ್ನು ಹಿಡಿದವನು ನಾನು. ಎಷ್ಟು ಮಕ್ಕಳನ್ನು ಒಂದೇ ಅಳತೆಗೆ ಕತ್ತರಿಸಿದೆನೋ ಎನಿಸಿತು.

ಮನೆಗೆ ಬಂದವನೇ ವನಜಾಗೆ ಫೋನು ಮಾಡಿ ಎಲ್ಲ ಹೇಳಿದೆ. ಸೊನ್ನೆ ಸರೋಜಮ್ಮನದಲ್ಲ, ನಮ್ಮದು ಎಂದೆ. ಅವಳು ನಗುತ್ತ, "ಎಂಟನೇ ಕ್ಲಾಸಿನ್ಯಾಗ ನನಗೂ ಹಂಗ ಮಾಡಿದ್ರಿ ಸಾರ್" ಎಂದಳು. "ಎದ್ದು ನಿಲ್ಲಿಸಿ ಪದ್ಯ ಕೇಳಿದ್ರಿ. ನೆನಪು ಮಾಡ್ಕೊಳ್ಳಾದ್ರಾಗ ಕೂತ್ಕೊ ಅಂದ್ರಿ. ನನಗ ಪೂರ್ತಿ ಬರ್ತಿತ್ತು." ನನಗೆ ಅದು ನೆನಪಿರಲಿಲ್ಲ. ಈಗ ಹೇಳಮ್ಮ ಎಂದೆ. ಅವಳು ತುಸು ತಡೆದು ತಡೆದು, ನಾಲ್ಕು ಸಾಲನ್ನೂ ಹೇಳಿದಳು. ಈ ಸಲ ನಾನು ಕಾದೆ.

ವರದಿಯಲ್ಲಿ ಅಂಕಗಳನ್ನು ಹೊಡೆದುಹಾಕಿ ನಡೆದದ್ದನ್ನು ನಡೆದಂತೆ ಬರೆದೆ. ಎರಡು ವಾರದಲ್ಲಿ ಪರದೆ ಬದಲಾಯಿತು. ಈಗ ಅದು ಏನನ್ನೂ ಕೇಳುವುದಿಲ್ಲ. ಮೊದಲ ಅಳತೆ ಎಡಗಡೆ ನಿಂತಿರುತ್ತದೆ, ಎರಡನೆಯದನ್ನು ಬಲಗಡೆ ತುಂಬಬೇಕು. ಎಲ್ಲಿ ವ್ಯತ್ಯಾಸವಿದೆಯೋ ಅಲ್ಲಿ ಅಂಕಿಗಳು ದೊಡ್ಡದಾಗಿ ಕಾಣುತ್ತವೆ, ಕೆಳಗೊಂದು ಕತ್ತರಿಯ ಚಿತ್ರ, ಅದನ್ನು ಒತ್ತಿದರೆ ಅಳತೆ ಕತ್ತರಿ ಮೇಜಿಗೆ. 'ಗ್ಯಾರಂಟಿನಾ?' ಹೋಯಿತು, 'ಪ್ರತ್ಯಾಗಮನ' ಮೊದಲೇ ಹೋಗಿತ್ತು. ನಾನು ಬರೆದ ಒಂದು ಪದವೂ ಈಗ ಅಲ್ಲಿ ಉಳಿದಿಲ್ಲ. ಮಾಲೀಕರು ತಾವೇ ನಿಂತು ಮತ್ತೆ ಪರೀಕ್ಷೆ ನಡೆಸಿದರು. ಹೊಸಬಳು ಒಂದೇ ಸಲ ಅಳೆದ ಅಳತೆಗೆ ಹೊಲಿದ ಅಂಗಿಗಳಲ್ಲಿ ಒಂದು ಮಗುವಿನ ಬೆನ್ನಿಗೆ ಬಿಗಿಯಾಗಿ ಹಿಡಿದದ್ದನ್ನು ಅವರು ಅಷ್ಟರಲ್ಲಿ ನೋಡಿದ್ದರು. ಕಣೇಕಲ್ಲಿನ ಶಾಲೆಗೆ ಟೇಪು, ಟ್ಯಾಬು ಎರಡನ್ನೂ ಹಿಡಿದು ಹೊರಟವರು ಸರೋಜಮ್ಮ. ಹೊಸಬಳು ಅವರ ಜೊತೆಗೆ ಕಲಿಯಲು ಹೋದಳು.

ಅಲ್ಲಿಂದ ವಾಪಸಾಗುವಾಗ ಅವರು ನನ್ನ ಅಂಗಿ ಕೊಡಲು ಮನೆಗೆ ಬಂದರು. ಬಿಸಿಲಲ್ಲಿ ಬಂದವರಿಗೆ ಗಾಳಿ ಹಾಕೋಣವೆಂದು ನಾನು ಎದ್ದು ಸ್ವಿಚ್ಚು ಒತ್ತಿದೆ. ಜಗಲಿಯ ದೀಪ ಹೊತ್ತಿತು. "ನನ್ನ ತಲೆಯೇ ಸರಿಯಿಲ್ಲ" ಎಂದು ವಾಡಿಕೆಯಂತೆ ನಕ್ಕೆ. ಸರೋಜಮ್ಮ ನಗಲಿಲ್ಲ. ಬೋರ್ಡನ್ನೊಮ್ಮೆ ನೋಡಿ, "ತಲಿಗೆ ಏನಾಗೇತ್ರಿ, ಒಂಬತ್ತೂ ಒಂದೇ ನಮೂನಿ ಅದಾವ" ಎಂದು ಗಿರಿಜೆಯನ್ನು ಕೇಳಿ ತಿಳಿದುಕೊಂಡು, ಚೀಲದಿಂದ ತಮ್ಮ ನೀಲಿ ಚಾಕ್‌ಪೀಸು ತೆಗೆದು ನಡುಸಾಲಿನ ಕೊನೆಯ ಸ್ವಿಚ್ಚಿನ ಮೇಲೆ ಒಂದು ಗೆರೆ ಎಳೆದರು. ಅಳಿಸಿಹೋಗುತ್ತದಲ್ಲ ಎಂದೆ. "ಹೋಗ್ಲಿ ಬಿಡ್ರಿ, ಅಷ್ಟೊತ್ತಿಗೆ ಕೈಗೆ ಗೊತ್ತಾಗಿರ್ತದ" ಎಂದರು.

ಗೆರೆ ಅಳಿಸಿ ತಿಂಗಳಾಯಿತು. ಇವತ್ತು ಮಧ್ಯಾಹ್ನ ಹೊಸ ಅಂಗಿ ತೊಟ್ಟು ಹೊರಗಿನಿಂದ ಬಂದವನು, ಯೋಚಿಸದೆ ಕೈಚಾಚಿದೆ. ಫ್ಯಾನು ತಿರುಗಿತು. ಅದರ ಕೆಳಗೆ ಕುರ್ಚಿ ಎಳೆದುಕೊಂಡು ಕೂತು, ಯಾರೂ ಅಳೆಯುತ್ತಿಲ್ಲವೆಂದು ಖಚಿತಪಡಿಸಿಕೊಳ್ಳುವ ಗೋಜಿಗೂ ಹೋಗದೆ, ಹೊಟ್ಟೆಯನ್ನು ಅದರ ಪಾಡಿಗೆ ಬಿಟ್ಟೆ. ಅಂಗಿಯಲ್ಲಿ ಅದಕ್ಕೆ ಜಾಗವಿತ್ತು.