ರಾಗಿ ಕೊಂಡರೆ ಗಿಲಿಕೆ

ಮೊನ್ನೆ ನಿಮ್ಮ ಅಮ್ಮ ಆಫೀಸಿನಿಂದ ಬರುವಾಗ ಒಂದು ಹೊಳೆಯುವ ಡಬ್ಬಿ ತಂದಳು. ಮುಚ್ಚಳ ತೆಗೆದ ಕೂಡಲೇ ಅಡುಗೆಮನೆಯೆಲ್ಲ ಹುರಿದ ರಾಗಿಯ ವಾಸನೆ. "ಅಮ್ಮಾ, ಇದು ದೇಹಕ್ಕೆ ತುಂಬ ಒಳ್ಳೇದಂತೆ. ನೀನೂ ತಿನ್ನು" ಅಂದಳು, ನನಗೆ ಯಾರೋ ಹೊಸ ನೆಂಟರನ್ನು ಪರಿಚಯ ಮಾಡಿಸುವ ಹಾಗೆ. ನಾನು "ಹೌದಾ" ಅಂದೆ. ಹತ್ತನೇ ಕ್ಲಾಸಿನಲ್ಲಿ ಇದೇ ರಾಗಿಯ ಮುಂದೆ ಕೂತು, ಮೂಗು ಹಿಡಿದುಕೊಂಡು, "ಇದನ್ನ ತಿನ್ನೋದಕ್ಕಿಂತ ಗೋಡೆಗೆ ಬಳಿಯೋದು ಮೇಲು" ಅಂದವಳು ಇವಳೇ. ಡಬ್ಬಿಯ ಬೆಲೆ ನೋಡಿದಾಗ ನನಗೂ ಗೋಡೆಯ ನೆನಪಾಯಿತು.

ಆ ವಾಸನೆಯಿಂದಲೇ ಇಷ್ಟು ಬರೆಯಲು ಕೂತೆ. ಮಕ್ಕಳೇ, ನಿಮಗೆ ಕನ್ನಡ ಓದಲು ಬರುವುದಿಲ್ಲ, ನಿಮ್ಮ ಅಮ್ಮ ಸುಮಳೇ ಓದಿ ಹೇಳಬೇಕು. ತನ್ನ ವಿಷಯ ಬಂದ ಕಡೆ ಅವಳು ಹಾರಿಸಿ ಓದುವವಳು. ಧ್ವನಿ ಸ್ವಲ್ಪ ತೊದಲಿದರೆ, ಹಿಂದಕ್ಕೆ ಹೋಗಿ ಇನ್ನೊಮ್ಮೆ ಓದು ಅನ್ನಿ.

ನಮ್ಮದು ಕಡೂರಿನ ಕಡೆಯ ಹಳ್ಳಿ. ಮೊದಲು ರಾಗಿ, ಆಮೇಲೆ ಮಿಕ್ಕದ್ದು. ನಾನು ಊರಿನ ಶಾಲೆಯಲ್ಲಿ ಕಲಿತಷ್ಟೇ ಕಲಿತವಳು. ಅಲ್ಲೂ ಮೇಷ್ಟ್ರು ಏನಾದರೂ ಕೇಳಿದರೆ ಉತ್ತರ ಗೊತ್ತಿದ್ದರೂ ತಲೆ ಬಗ್ಗಿಸಿಕೊಂಡು ನಿಲ್ಲುತ್ತಿದ್ದೆ. ನಿಮ್ಮ ತಾತ ಬ್ಯಾಂಕಿನ ಕೆಲಸಕ್ಕೆ ಕೊಚ್ಚಿಗೆ ಬಂದಾಗ ಅಲ್ಲೇ ಮಗ್ಗುಲಿನ ತ್ರಿಪ್ಪುಣಿತ್ತುರದಲ್ಲಿ ಮನೆ ಹಿಡಿದೆವು. ಲಾರಿಯಲ್ಲಿ ಸಾಮಾನಿನ ಜೊತೆ ಊರಿನ ರಾಗಿ ಚೀಲವೂ ಬಂತು. ಈ ಊರಿಗೆ ಬಂದ ಹೊಸತರಲ್ಲಿ ನಾನು ಕಲಿತ ಮಲಯಾಳ ನಾಲ್ಕಾರು ಮಾತು. ಬೇಡ ಅನ್ನುವುದಕ್ಕೆ ವೇಂಡ, ಸಾಕು ಅನ್ನುವುದಕ್ಕೆ ಮದಿ, ನೀರಿಗೆ ವೆಳ್ಳಂ, ಬಿಸಿಗೆ ಚೂಡು, ಕೋಲಿಗೆ ವಡಿ, ಅಡುಗೆಮನೆಗೆ ಅಡುಕ್ಕಳ. ಉಳಿದದ್ದಕ್ಕೆಲ್ಲ ತಲೆ ಆಡಿಸುತ್ತಿದ್ದೆ. ತಲೆ ಆಡಿಸಿದವರ ಮೇಲೆ ಯಾರೂ ಎರಡನೇ ಪ್ರಶ್ನೆ ಹಾಕುವುದಿಲ್ಲ ಅನ್ನುವುದು ನನ್ನ ನಂಬಿಕೆಯಾಗಿತ್ತು.

ಸುಮಳ ಪಾಡು ನನಗಿಂತ ಕಷ್ಟ. ಬಂದ ಹೊಸತರಲ್ಲಿ ಭಾಷೆ ಬಾರದೆ ಹಿಂದಿನ ಬೆಂಚಿನಲ್ಲಿ ಮೂಕಿಯ ಹಾಗೆ ಕೂತಿರುತ್ತಿದ್ದಳಂತೆ. ಮನೆಗೆ ಬಂದು ಬ್ಯಾಗು ಎಸೆದು ಅಳುತ್ತಿದ್ದಳು. ತಿಂಗಳುಗಳು ಉರುಳಿ, ಮಾತು ಹತ್ತಿ, ಇಬ್ಬರು ಗೆಳತಿಯರು ಸಿಕ್ಕಿ, ಒಂದು ದಿನ ಬಸ್ಸಿನಿಂದ ಇಳಿಯುವಾಗ ನಗುತ್ತಾ ಇಳಿದಳು. ಆ ವಾರವೇ ನಿಮ್ಮ ತಾತನಿಗೆ ತಿರುವನಂತಪುರಕ್ಕೆ ವರ್ಗವಾಯಿತು.

"ಇನ್ನೊಂದು ಶಾಲೆಯ ಹಿಂದಿನ ಬೆಂಚಿಗೆ ಅವಳನ್ನ ಕೂರಿಸಬೇಡಿ. ಹತ್ತನೇ ಕ್ಲಾಸು ಇಲ್ಲೇ ಮುಗಿಸಲಿ" ಅಂದೆ. ತಾತನ ಎದುರು ನಾನು ಅಷ್ಟುದ್ದ ಮಾತಾಡಿದ್ದು ಅದೇ ಮೊದಲು.

"ಒಂದು ಸಂಬಳದಲ್ಲಿ ಎರಡು ಊರಲ್ಲಿ ಒಲೆ ಉರಿಯುತ್ತೇನೇ?"

"ಈ ಒಲೆಗೆ ರಾಗಿ ಸಾಕು. ನಾನು ತೂಗಿಸ್ತೀನಿ."

"ಸರಿ ನೋಡೋಣ. ತೂಗಿಸೋಕೆ ಆಗ್ಲಿಲ್ಲ ಅಂದ್ರೆ ಟಿ.ಸಿ. ತಗೊಂಡು ಎಲ್ಲರೂ ಹೊರಡೋದೇ."

ಹಾಗೆ ನನ್ನ ಮಗಳ ಶಾಲೆ ರಾಗಿಯ ಮೇಲೆ ನಿಂತಿತು. ಬೆಳಿಗ್ಗೆ ರಾಗಿ ದೋಸೆ, ಮಧ್ಯಾಹ್ನ ಅವಳ ಡಬ್ಬಿಗೆ ರಾಗಿ ರೊಟ್ಟಿ, ಸಂಜೆ ಅಂಬಲಿ, ರಾತ್ರಿ ಮುದ್ದೆ. ಸಾರಿಗೆ ಹಿತ್ತಲಿನ ನುಗ್ಗೆಸೊಪ್ಪು. ರಾಗಿಯಲ್ಲಿ ಪುಟ್ಟು ಮಾಡಿದೆ, ಉಂಡೆ ಮಾಡಿದೆ. ಸುಮಳ ಹುಟ್ಟುಹಬ್ಬಕ್ಕೆ ಕುಕ್ಕರಿನಲ್ಲಿ ರಾಗಿ ಕೇಕು ಮಾಡಿ, ಕತ್ತರಿಸಲು ಆಗದೆ, ಹಿಡಿ ಹಿಡಿದು ಮುರಿದು ಹಂಚಿದೆ. "ನಾನು ಕೈ ಕುಯ್ದುಕೊಂಡರೆ ರಾಗಿ ಹಿಟ್ಟೇ ಉದುರುತ್ತೆ" ಅನ್ನುತ್ತಿದ್ದಳು ಅವಳು. ಆದರೂ ತಿಂದಳು. ಯಾಕೆ ತಿನ್ನುತ್ತಿದ್ದೇವೆ ಅನ್ನುವುದು ಅವಳಿಗೂ ಗೊತ್ತಿತ್ತು.

ತಾತನಿಗೆ ತಿರುವನಂತಪುರಕ್ಕೆ ಹುರಿಹಿಟ್ಟು ಮಾಡಿ, ಬೆಲ್ಲ ಏಲಕ್ಕಿ ಬೆರೆಸಿ ಬಾಟಲಿಗೆ ತುಂಬಿ ಕೊಡುತ್ತಿದ್ದೆ. ಹಾಲಿಗೆ ಹಾಕಿ ಕಲಸಿದರೆ ಒಂದು ಹೊತ್ತು ಕಳೆಯುತ್ತದೆ. ಅವರ ಜೊತೆ ಕೋಣೆಯಲ್ಲಿದ್ದ ಬ್ಯಾಂಕಿನವರೊಬ್ಬರು ಆ ಕಂದು ಪುಡಿಯನ್ನು ಹಲ್ಲುಪುಡಿ ಅಂದುಕೊಂಡು ದಿನಾ ಬೆಳಿಗ್ಗೆ ಸ್ವಲ್ಪ ಸ್ವಲ್ಪ ತೆಗೆದು ಹಲ್ಲುಜ್ಜುತ್ತಿದ್ದರಂತೆ. ಕೊನೆಗೆ ಸಂಕೋಚದಿಂದ ಕೇಳಿದರಂತೆ: "ಸಾರೇ, ನಿಮ್ಮೂರಿನ ಹಲ್ಲುಪುಡಿ ಬಹಳ ರುಚಿ. ಆದರೆ ಉಜ್ಜಿದ ಮೇಲೆ ಹಲ್ಲು ಯಾಕೋ ಇನ್ನೂ ಕಪ್ಪಾಗಿ ಕಾಣುತ್ತಲ್ಲ?" ತಾತ ಸತ್ಯ ಹೇಳಲಿಲ್ಲ. "ಮೊದಮೊದಲು ಹಾಗೇ" ಅಂದರಂತೆ. ಅವತ್ತಿನಿಂದ ಬಾಟಲಿ ಪೆಟ್ಟಿಗೆಯೊಳಗೆ ಹೋಯಿತು.

ಹೀಗೆ ನಾಲ್ಕೂ ಕಡೆ ರಾಗಿ ಹರಿದ ಮೇಲೆ ಊರಿನ ಚೀಲ ಖಾಲಿಯಾಯಿತು. ಚೀಟಿಯ ಮೇಲೆ ರಾಗಿಯ ಮಲಯಾಳ ಹೆಸರನ್ನು ಸುಮಳ ಕೈಯಲ್ಲಿ ಬರೆಸಿಕೊಂಡು ನಮ್ಮ ರಸ್ತೆಯ ತಿರುವಿನಲ್ಲಿದ್ದ ಶಶಿ ಚೇಟ್ಟನ, ಅಂದರೆ ಶಶಿ ಅಣ್ಣನ, ಅಂಗಡಿಗೆ ಹೋದೆ. ಶಶಿ ಚೇಟ್ಟ ಚೀಟಿ ನೋಡಿ, "ಪಂಞಪ್ಪುಲ್ಲೋ?" ಅಂದರು. ಪುಲ್ಲು ಅಂದರೆ ಹುಲ್ಲು. ನಮ್ಮ ರಾಗಿಗೆ ಹುಲ್ಲು ಅನ್ನುತ್ತಾರಲ್ಲ ಅಂತ ಮನಸ್ಸಿಗೆ ಚುರುಕ್ ಅಂದಿತು. ಅವರು ಒಂದು ಸಣ್ಣ ಪೊಟ್ಟಣ ತೆಗೆದರು. ಅದರ ಮೇಲೆ ಗುಂಡುಗುಂಡಾದ ಕೂಸಿನ ಚಿತ್ರ.

"ಕುಂಞಿನಾಣೋ?" ಅಂದರು.

ಈಗಲೇ ನಗಬೇಡಿ. ನಿಮಗೆ ಆ ಮಾತು ಗೊತ್ತು, ಈ ಊರಿನಲ್ಲಿ ಹುಟ್ಟಿದವರು. ಗೊತ್ತಿಲ್ಲದವರು ಯಾರಾದರೂ ಓದುತ್ತಿದ್ದರೆ ಹೇಳಿಬಿಡುತ್ತೇನೆ: ಕುಂಞು ಅಂದರೆ ಮಗು. ಮಗುವಿಗೋ ಅಂತ ಕೇಳಿದ್ದರು. ಈ ಕಡೆ ರಾಗಿ ಅಂದರೆ ಹಲ್ಲು ಬಾರದ ಮಕ್ಕಳಿಗೆ ಕಾಸಿ ಕುಡಿಸುವ ಸರಿ. ದೊಡ್ಡವರು ಕೂತು ಉಣ್ಣುವ ಊಟ ಅಂತ ಯಾರ ತಲೆಗೂ ಹೊಳೆಯುವುದಿಲ್ಲ. ನನ್ನ ತಲೆಗೆ ಹೊಳೆದದ್ದು ಇನ್ನೊಂದು. ಪೊಟ್ಟಣ ತೋರಿಸಿ ಕುಂಞು ಅಂದರಲ್ಲ, ನುಣ್ಣಗೆ ಬೀಸಿದ ರಾಗಿ ಹಿಟ್ಟಿಗೆ ಹಾಗೆ ಅನ್ನುತ್ತಾರೆ ಅಂದುಕೊಂಡೆ. ತಲೆ ಆಡಿಸಿದೆ.

ಅವರ ಮುಖ ಅರಳಿತು. "ಎತ್ರ ಮಾಸಮಾಯಿ?" ಎಷ್ಟು ತಿಂಗಳಾಯಿತು ಅಂತ. ನಾವು ಕೊಚ್ಚಿಗೆ ಬಂದು ಎಷ್ಟಾಯಿತು ಅಂತ ಕೇಳುತ್ತಿದ್ದಾರೆ, ಎಷ್ಟು ಒಳ್ಳೆಯವರು ಅನ್ನಿಸಿತು.

"ಎಂಟು" ಅಂದೆ.

ಶಶಿ ಚೇಟ್ಟ ಪೊಟ್ಟಣದ ಜೊತೆ ಒಂದು ಕೆಂಪು ಗಿಲಿಕೆ ಇಟ್ಟುಕೊಟ್ಟರು. ಅದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ. ಶನಿವಾರ ರೈಲಿನಲ್ಲಿ ಬಂದ ತಾತ ಅದನ್ನು ಅಲ್ಲಾಡಿಸಿ ನೋಡಿ, "ಇದೇನೇ?" ಅಂದರು. "ಈ ಊರಲ್ಲಿ ರಾಗಿ ಕೊಂಡರೆ ಗಿಲಿಕೆ ಕೊಡ್ತಾರೆ" ಅಂದೆ. ತಾತ ಸ್ವಲ್ಪ ಯೋಚಿಸಿ, "ಹಾಗಾದ್ರೆ ಮುಂದಿನ ಸಲ ಗಿಲಿಕೆ ಬೇಡ, ಅಷ್ಟಕ್ಕೆ ಹಿಟ್ಟು ಕೊಡಿ ಅನ್ನು" ಅಂದರು. ನಾನು ಅನ್ನಲಿಲ್ಲ, ಅನ್ನುವಷ್ಟು ಭಾಷೆ ಎಲ್ಲಿತ್ತು?

ಆ ಸಣ್ಣ ಪೊಟ್ಟಣ ನಮಗೆ ಒಂದು ದಿನಕ್ಕೆ ಸಾಲದು. ಮರುದಿನ ಮತ್ತೆ ಹೋದೆ. ಅದರ ಮಾರನೇ ದಿನವೂ. ಬರಬರುತ್ತಾ ಚೀಟಿಯೂ ಬೇಡವಾಯಿತು, "ಕುಂಞು" ಅಂತ ನಾನೇ ಬಾಯಿಬಿಟ್ಟು ಕೇಳುತ್ತಿದ್ದೆ. ನನ್ನ ಮಲಯಾಳ ಇಷ್ಟು ಸುಧಾರಿಸಿತಲ್ಲ ಅಂತ ಒಳಗೊಳಗೇ ಹೆಮ್ಮೆ. ಶಶಿ ಚೇಟ್ಟ ಮೊದಮೊದಲು ನಕ್ಕರು. ಆಮೇಲೆ ಪೊಟ್ಟಣ ಕೊಡುವಾಗ ನನ್ನನ್ನೂ ಪೊಟ್ಟಣವನ್ನೂ ನೋಡತೊಡಗಿದರು. ಒಂದು ದಿನ, ಇಷ್ಟೆಲ್ಲ ಕುಂಞು ತಿನ್ನುತ್ತಾ ಅಂತ ಏನೋ ಕೇಳಿದರು. ಕುಂಞು ಸಾಕಾಗುತ್ತಾ ಅಂತ ತಿಳಿದುಕೊಂಡು, "ಮದಿ ಇಲ್ಲ" ಅಂದೆ. ಸಾಲುವುದಿಲ್ಲ ಅಂತ.

ಅನಾಹುತ ಆದದ್ದು ಒಂದು ಬೆಳಿಗ್ಗೆ. ಅಂಗಡಿಯಲ್ಲಿ ಇಬ್ಬರು ಹೆಂಗಸರಿದ್ದರು, ಗಲ್ಲಾದ ಹತ್ತಿರ ಶಶಿ ಚೇಟ್ಟನ ಹೆಂಡತಿ ಓಮನ ಚೇಚ್ಚಿ, ಅಂದರೆ ಓಮನಕ್ಕ, ಕೂತಿದ್ದರು. ಓಮನ ಚೇಚ್ಚಿ ನನ್ನನ್ನು ನೋಡಿ, ಕುಂಞು ಹೇಗಿದೆ ಅಂತ ಅಕ್ಕರೆಯಿಂದ ವಿಚಾರಿಸಿದರು. ಅಷ್ಟು ಅಕ್ಕರೆಯಿಂದ ಕೇಳಿದಾಗ ತಲೆ ಆಡಿಸಿ ಬರುವುದು ಹೇಗೆ? ಮುದ್ದೆ ಮಾಡುವ ಬಗೆಯನ್ನೇ ಹೇಳಿಬಿಡೋಣ ಅಂತ ಧೈರ್ಯ ಮಾಡಿದೆ. ಮಾತು ಸಾಲದ ಕಡೆ ಕೈ.

"ವೆಳ್ಳಂ, ಚೂಡು" ಅಂದೆ. ಕೈಯಲ್ಲಿ ನೀರು ಕೊತಕೊತ ಕುದಿಸಿ ತೋರಿಸಿದೆ. "ಕುಂಞು" ಅಂದು ಎರಡೂ ಕೈಯಲ್ಲಿ ಎತ್ತಿ ಒಳಗೆ ಹಾಕಿದೆ. ಮುಚ್ಚಳ ಮುಚ್ಚಿದೆ. ಆಮೇಲೆ "ವಡಿ" ಅಂದು, ಕೋಲಿನಿಂದ ನಡುವೆ ತಿವಿದು, ಗರಗರ ತಿರುವಿ, ಮಣೆಯ ಮೇಲೆ ಹಾಕಿ ನಾದಿ, ಉಂಡೆ ಕಟ್ಟಿ, ಮುರಿದು ಬಾಯಿಗಿಟ್ಟು ಗುಳುಂ ಅನ್ನಿಸಿದೆ. ಜಗಿಯಬಾರದು ಅನ್ನುವುದಕ್ಕೆ ಹಲ್ಲು ತೋರಿಸಿ "ವೇಂಡ" ಅಂದೆ.

ಆ ಇಬ್ಬರಲ್ಲಿ ಒಬ್ಬರು ಕೊಂಡ ತೆಂಗಿನೆಣ್ಣೆಯನ್ನು ಅಲ್ಲೇ ಬಿಟ್ಟು ಹೊರಟುಹೋದರು. ನಾನು ಇಷ್ಟು ಚೆನ್ನಾಗಿ ಹೇಳಿದೆನಲ್ಲ, ದಂಗಾಗಿದ್ದಾರೆ ಅಂದುಕೊಂಡು ಮನೆಗೆ ಬಂದೆ.

ಮಾರನೇ ದಿನ ಶಶಿ ಚೇಟ್ಟ ನನ್ನ ಮುಖ ನೋಡದೆ "ತೀರ್ನು" ಅಂದರು. ಮುಗಿದಿದೆ ಅಂತ. ಅವರ ಬೆನ್ನ ಹಿಂದೆ ಸಾಲಾಗಿ ಗುಂಡು ಕೂಸುಗಳು ನಗುತ್ತಾ ನಿಂತಿದ್ದವು. ಅಲ್ಲಿದೆಯಲ್ಲ ಅಂತ ಬೆರಳು ತೋರಿಸಲು ನನ್ನ ಕೈ ಏಳಲಿಲ್ಲ. ಅದರ ಮಾರನೇ ದಿನವೂ ತೀರ್ನು. ಬೇರೆ ಅಂಗಡಿಗಳಲ್ಲಿ ನನ್ನನ್ನು ಕಂಡ ಹೆಂಗಸರು ಪಕ್ಕಕ್ಕೆ ಸರಿಯುತ್ತಿದ್ದರು, ಅಲ್ಲಿ ಕೇಳುವ ಧೈರ್ಯ ಬರಲಿಲ್ಲ. ಸುಮಳಿಗೆ ಹೇಳಿದರೆ ಓದುವ ಮಗುವಿಗೆ ಚಿಂತೆ ಅಂತ ಹೇಳಲಿಲ್ಲ. ಅಕ್ಕಿ ಬೇಯಿಸಿದೆ, ತಿಂಗಳಿನ ಅಕ್ಕಿ ವಾರಕ್ಕೆ ಕರಗಿತು. ಶನಿವಾರ ತಾತ ಬಂದವರೇ ಅಕ್ಕಿ ಡಬ್ಬಿಯ ತಳ ನೋಡಿದರು.

"ಸಾಕು ಕಣೇ. ನೀನೂ ಪ್ರಯತ್ನ ಪಟ್ಟೆ. ಸೋಮವಾರ ರಜ ಹಾಕಿ ಟಿ.ಸಿ. ಕೇಳಿಬಿಡ್ತೀನಿ."

ಸುಮ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡು ನಲ್ಲಿ ಬಿಟ್ಟಳು. ನಲ್ಲಿಯ ಸದ್ದಿನಲ್ಲಿ ಅಳು ಕೇಳಿಸುವುದಿಲ್ಲ ಅಂದುಕೊಂಡಿದ್ದಳು, ಕೇಳಿಸುತ್ತಿತ್ತು. ನಾನು ರಾಗಿ ಡಬ್ಬಿ ಕೊಡವಿ, ಮೂಲೆಯಲ್ಲಿ ಅಂಟಿದ್ದ ಹಿಟ್ಟನ್ನೆಲ್ಲ ಕೆರೆದು, ಕೊನೆಯದಾಗಿ ಒಂದು ಮುದ್ದೆ ಕಟ್ಟಿ ಪಾತ್ರೆಯಲ್ಲಿ ಮುಚ್ಚಿಟ್ಟೆ.

ಆಗ ಬಾಗಿಲು ತಟ್ಟಿದ ಸದ್ದಾಯಿತು. ಓಮನ ಚೇಚ್ಚಿ, ಜೊತೆಗೆ ಅಂಗನವಾಡಿಯ ಟೀಚರು, ಅವರ ಹಿಂದೆ ಕೈಕಟ್ಟಿಕೊಂಡು ಶಶಿ ಚೇಟ್ಟ. ಓಮನ ಚೇಚ್ಚಿ ಒಳಗೆ ಬಂದವರೇ ಮಂಚದ ಕೆಳಗೆ, ಬಾಗಿಲ ಹಿಂದೆ ಎಲ್ಲ ಕಣ್ಣಾಡಿಸಿ, "ಕುಂಞೆವಿಡೆ?" ಅಂದರು. ಕುಂಞು ಎಲ್ಲಿ?

ಹಸಿದು ಬಂದಿದ್ದಾರೆ ಪಾಪ ಅನ್ನಿಸಿತು. ಮನೆಯಲ್ಲಿರುವುದು ಒಂದೇ. ಆದರೂ ಬಂದವರಿಗೆ ಇಲ್ಲ ಅನ್ನಲಾಗುತ್ತದೆಯೇ?

"ಅಡುಕ್ಕಳ" ಅಂದು ಕರೆದುಕೊಂಡು ಹೋಗಿ ಪಾತ್ರೆಯ ಮುಚ್ಚಳ ಎತ್ತಿದೆ. ಹಬೆಯೊಳಗೆ ಕಪ್ಪಗೆ, ಗುಂಡಗೆ, ಮಿರಮಿರ ಮಿಂಚುತ್ತಾ ಮುದ್ದೆ. "ಕುಂಞು" ಅಂದೆ.

ಓಮನ ಚೇಚ್ಚಿ "ಎಂಡೆ ಭಗವತೀ" ಅಂದು ನೆಲದ ಮೇಲೆ ಕೂತೇಬಿಟ್ಟರು. ಟೀಚರು ಬಾಗಿ ನೋಡಿ, ಬೆರಳಿನಿಂದ ಮೆಲ್ಲಗೆ ಒತ್ತಿ, ಮೂಸಿ, ನನ್ನನ್ನು ನೋಡಿದರು. ಗಲಾಟೆ ಕೇಳಿ ಸುಮ ಬಚ್ಚಲಿನಿಂದ ಹೊರಗೆ ಬಂದಳು. ಅವರು ಮೂವರೂ ಒಟ್ಟಿಗೆ ಅವಳಿಗೆ ಹೇಳಿದರು, ಅವಳು ನನ್ನನ್ನು ಕೇಳಿದಳು.

"ಅಮ್ಮಾ, ಅಂಗಡೀಲಿ ಏನಂತ ಹೇಳಿ ರಾಗಿ ತರ್ತಿದ್ದೆ?"

"ಕುಂಞು ಅಂತ. ಯಾಕೆ?"

ಅತ್ತು ಬಂದ ಅವಳ ಕಣ್ಣು ಇನ್ನೂ ಒದ್ದೆಯಾಗಿತ್ತು. ಅದೇ ಕಣ್ಣಲ್ಲಿ ಅವಳು ನಕ್ಕದ್ದು ಹೇಗೆ ಅಂದರೆ, ಗೋಡೆಗೆ ಒರಗಿ, ಜಾರಿ, ಓಮನ ಚೇಚ್ಚಿಯ ಪಕ್ಕದಲ್ಲಿ ಕೂತು, ಅವರ ಭುಜದ ಮೇಲೆ ಬಿದ್ದು ನಕ್ಕಳು. ಆಮೇಲೆ ಮಲಯಾಳದಲ್ಲಿ ಎಲ್ಲ ಹೇಳಿದಳು. ನನ್ನ ಮಗಳು ಅಷ್ಟು ಸರಾಗವಾಗಿ ಮಲಯಾಳ ಮಾತಾಡುವುದನ್ನು ನಾನು ಕೇಳಿದ್ದು ಅವತ್ತೇ. ಮುದ್ದೆಯ ವಿಷಯದಿಂದ ಶುರುವಾದದ್ದು ಎಲ್ಲಿಗೋ ಹೋಯಿತು. ಟಿ.ಸಿ. ಅನ್ನುವ ಮಾತು ಮಾತ್ರ ನನಗೆ ತಿಳಿಯಿತು.

ಓಮನ ಚೇಚ್ಚಿ ಎದ್ದು ಮುದ್ದೆಯಿಂದ ಒಂದು ಚೂರು ಮುರಿದು ಬಾಯಿಗೆ ಹಾಕಿದರು. ಜಗಿದರು. ಜಗಿಯಬಾರದು ಅಂತ ನಾನು ಅಂಗಡಿಯಲ್ಲೇ ಹೇಳಿದ್ದೆ, ಕೇಳಲಿಲ್ಲ. ಮೇಲಿನ ಹಲ್ಲೂ ಕೆಳಗಿನ ಹಲ್ಲೂ ಅಂಟಿಕೊಂಡು, ಬಾಯಿ ತೆರೆಯಲಾಗದೆ, ಹಾಗೇ ಗಂಡನ ಕಡೆ ತಿರುಗಿ ಕಣ್ಣಲ್ಲೇ ಏನೋ ಅಪ್ಪಣೆ ಮಾಡಿದರು. ಶಶಿ ಚೇಟ್ಟ ಅಂಗಡಿಗೆ ಓಡಿದರು. ಸೈಕಲ್ಲಿನ ಮೇಲೆ ಬಂದದ್ದು ಪೊಟ್ಟಣಗಳಲ್ಲ, ಅರ್ಧ ಚೀಲ ಬೀಸದ ರಾಗಿ. ಹೀಗೆ ಕಾಳಾಗಿ ಕೊಂಡರೆ ಎಷ್ಟೋ ಅಗ್ಗ, ಗಿರಣಿಯಲ್ಲಿ ಬೀಸಿಸಿಕೊಳ್ಳಿ, ಮುಗಿದ ಹಾಗೆ ತರಿಸಿಕೊಡುತ್ತೇನೆ ಅಂದರಂತೆ. ತಾತ ಚೀಲವನ್ನು ಎತ್ತಿ ತೂಕ ನೋಡಿದರು. "ಸೋಮವಾರ ರಜ ಬೇಡ ಬಿಡು" ಅಂದರು.

ಸುಮ ಆ ಶಾಲೆಯಲ್ಲೇ ಹತ್ತು ಮುಗಿಸಿದಳು. ಅದೇ ಗೆಳತಿಯರ ಜೊತೆ ಹನ್ನೆರಡು ಮುಗಿಸಿದಳು. ಅವರಲ್ಲೊಬ್ಬಳ ಅಣ್ಣನೇ ನಿಮ್ಮ ಅಪ್ಪ. ಇದು ನಿಮಗೆ ಗೊತ್ತಿರುವ ಕಥೆ. ನನಗೆ ಹೊಳೆಯದೇ ಇದ್ದದ್ದು ಮಾತ್ರ ಇಷ್ಟು ವರ್ಷದ ಮೇಲೆ, ಇದನ್ನು ಬರೆಯುವಾಗ ಹೊಳೆಯಿತು. ನೀವು ನನ್ನ ಕನ್ನಡಕ್ಕೆ ಮಲಯಾಳದಲ್ಲಿ ಉತ್ತರ ಕೊಡುತ್ತೀರಿ ಅಂತ ನಾನು ಮುನಿಸಿಕೊಳ್ಳುತ್ತೇನಲ್ಲ, ಕನ್ನಡದಲ್ಲಿ ಕೇಳಿದರೆ ಮಾತ್ರ ತಿಂಡಿ ಅಂತ ಹಟ ಹಿಡಿಯುತ್ತೇನಲ್ಲ. ನಿಮ್ಮ ಅಮ್ಮನನ್ನು ಆ ಭಾಷೆಯ ನಡುವೆ ಉಳಿಸಲು ಹಟ ಹಿಡಿದು ಮೂರು ಹೊತ್ತೂ ಒಲೆಯ ಮುಂದೆ ನಿಂತವಳು ನಾನೇ. ಉಳಿಸಿದೆ, ಅವಳು ಉಳಿದಳು. ಈಗ ಯಾರ ಮೇಲೆ ಮುನಿಸು?

ಬರೆಯುತ್ತಿರುವ ಹಾಗೇ ಚಿಕ್ಕವಳು ಬಂದು ಬಾಗಿಲಿಗೆ ಒರಗಿದ್ದಾಳೆ. "ಅಜ್ಜೀ, ವಿಶಕ್ಕುನ್ನು" ಅನ್ನುತ್ತಿದ್ದಾಳೆ. ಹಸಿವಾಗುತ್ತಿದೆ ಅಂತ. ಹೇಳಿ ಮುಗಿಸಿ ನನ್ನ ಮುಖವನ್ನೇ ನೋಡುತ್ತಾ, ಕನ್ನಡದ ಮಾತನ್ನು ನೆನಪು ಮಾಡಿಕೊಳ್ಳಲು ತುಟಿ ಅಲ್ಲಾಡಿಸುತ್ತಿದ್ದಾಳೆ.

ಇರಲಿ ಬಾರೇ, ತಿಳಿಯಿತು. ಎದ್ದೆ.