ನೂರು ಮೊಳದ ಪಟಕಾ

ಬನಹಟ್ಟಿಯ ನೇಕಾರ ಮುರಗೆಪ್ಪ ದಿನವಿಡೀ ಮಗ್ಗದ ಕುಣಿಯಲ್ಲಿ ಕಾಲಿಟ್ಟು ಕೂಡುವವನು. ಸಂಜೆ ಹೊರಗೆ ಬಂದರೆ ಊರವರ ನಡಿಗೆ, ಕೆಮ್ಮು, ಗತ್ತು ಎಲ್ಲವನ್ನೂ ಒಂದಕ್ಕೆ ಹತ್ತು ಮಾಡಿ ತೋರಿಸಿ ಓಣಿಯನ್ನು ನಗಿಸುತ್ತಿದ್ದ.

ಅದು ಸಂಸ್ಥಾನದ ಕಾಲ. ಅಣ್ಣಾಸಾಹೇಬ ಎಂಬ ಅಧಿಕಾರಿ ಊರಿಗೆ ಬಂದಾಗಲೆಲ್ಲ ನೇಕಾರರ ಪ್ರತಿ ಓಣಿಯೂ ಇಪ್ಪತ್ತು ಮೊಳದ ಪಟಕಾ ನೇಯ್ದು ಅವನ ತಲೆಗೆ ಸುತ್ತಬೇಕು, ಪುಕ್ಕಟೆ. ನಾನಾಗ ಸಂಸ್ಥಾನದ ಆಳಿಕೆಯ ವಿರುದ್ಧ ಎದ್ದಿದ್ದ ಪ್ರಜಾ ಪರಿಷತ್ತಿಗೆ ಹೊಸದಾಗಿ ಸೇರಿದ್ದೆ. ಈ ಸಲ ನೂರು ಮೊಳದ್ದು ನೇಯಿ ಎಂದು ಮುರಗೆಪ್ಪನಿಗೆ ಹೇಳಿದವನು ನಾನೇ. ಅಷ್ಟನ್ನೂ ಸುತ್ತಿದರೆ ಊರು ನಗುತ್ತದೆ, ನಗೆಗೀಡಾದವನು ಮತ್ತೆ ಪಟಕಾ ಕೇಳಲಾರ ಎಂದುಕೊಂಡಿದ್ದೆ. ಸುದ್ದಿ ಚಾವಡಿಗೆ ಮುಟ್ಟಬಾರದೆಂದು ಓಣಿಯವರಿಗೂ ತಿಳಿಸಲಿಲ್ಲ.

"ನೇಯ್ತೀನ್ರಿ," ಎಂದ ಮುರಗೆಪ್ಪ. "ಖರೆ, ಮಂದಿ ತಾವಾಗಿ ನಗಂಗಿಲ್ಲ. ಮೊದಲ ಒಬ್ಬಾಂವ ನಗಬೇಕು. ಯಾರು ನಗಾವ್ರು?"

"ನಾ ನಗ್ತೀನಿ ಬಿಡೋ."

"ನೋಡ್ರಿ ಮತ್ತ. ನೀವು ನಗಲಿಲ್ಲಂದ್ರ ನಾ ಹೊಗಳಭಟ್ಟ ಆಕ್ಕೀನಿ."

ನೇಯ್ದು ಮುಗಿದ ದಿನ ಅವನ ಹೆಂಡತಿ ಅನಸವ್ವ ಆ ಬಟ್ಟೆ ಮಡಚುತ್ತ, "ಇದು ತಲಿಗೋ ಬಣವಿಗೋ?" ಎಂದು ಕೇಳಿದಳು.

ಸಾಹೇಬ ಬಂದ ದಿನ ಚಾವಡಿಯ ಮುಂದೆ ಮಂದಿ ಕೂಡಿತು. ಮುರಗೆಪ್ಪ ಕುರ್ಚಿಯ ಸುತ್ತ ತಿರುಗುತ್ತ ಸುತ್ತಿದ. ಹತ್ತು ಸುತ್ತಿಗೆ ಸಾಹೇಬನ ಕಿವಿ ಮುಚ್ಚಿದವು, ಮೂವತ್ತಕ್ಕೆ ಹುಬ್ಬು. ಕೊನೆಗೆ ಸಿಪಾಯಿಯೊಬ್ಬ ಹಿಂದಿನಿಂದ ತಲೆಗೆ ಕೈ ಆನಿಸಿ ನಿಲ್ಲಬೇಕಾಯಿತು.

"ಇಂಥಾ ತಲಿಗೆ ಇಪ್ಪತ್ತು ಮೊಳ ಎಲ್ಲಿ ಸಾಲತೈತ್ರಿ ಸಾಹೇಬ್ರ," ಎಂದ ಮುರಗೆಪ್ಪ. ಮುಖದಲ್ಲಿ ನಗೆ ತೋರಿಸದೆ ನನ್ನ ಕಡೆ ನೋಡಿದ.

ನಾನು ನಗಬೇಕಾದ ಹೊತ್ತು ಅದು. ಪಕ್ಕದಲ್ಲಿ ಇನ್ನೊಬ್ಬ ಸಿಪಾಯಿ ಲಾಠಿ ಊರಿಕೊಂಡು ನಿಂತಿದ್ದ. ನನ್ನ ಗಲ್ಲ ಸೆಟೆದವು. ನೆಲ ನೋಡಿದೆ. ಯಾರೋ ಕೆಮ್ಮಿದರು, ಅಷ್ಟೇ.

ಸಾಹೇಬ ಪಟಕಾವನ್ನು ಎರಡೂ ಕೈಯಿಂದ ಸವರಿ ಕನ್ನಡಿ ತರಿಸಿಕೊಂಡ. "ಛಲೋ ಆಗೇತಿ. ಇನ್ನ ಮ್ಯಾಲೆ ಎಲ್ಲಾ ಓಣಿಗೂ ಇದೇ ಅಳತಿ."

ನಾವು ಐದು ಪಟ್ಟು ಹಿಗ್ಗಿಸಿದ್ದೆವು. ಅವನಿಗೆ ಅದು ತಕ್ಕ ಅಳತೆಯಾಗಿ ಕಂಡಿತು.

ಅಂದಿನಿಂದ ಮುರಗೆಪ್ಪ ಓಣಿಗೆ ಬೇಡವಾದ. ನೆರೆಯ ಕರೆವ್ವ ಬಾವಿಕಟ್ಟೆಯಲ್ಲಿ ಅನಸವ್ವನ ಮುಖಕ್ಕೇ ಅಂದಳು: "ನಿನ್ನ ಗಂಡ ಸಾಹೇಬನ ತಲಿ ಮೆಚ್ಚಿದ, ನೇಯೋದು ನಮ್ಮ ಪಾಲಿಗೆ ಬಂತು." ನಾನು ಅಲ್ಲೇ ಹಾಯುತ್ತಿದ್ದೆ. ಆ ಯೋಚನೆ ನನ್ನದೆಂದು ಹೇಳಿದ್ದರೆ ಸಾಕಿತ್ತು. ಪರಿಷತ್ತಿನ ಕೆಲಸ ಕೆಡುತ್ತದೆಂದು ನನಗೆ ನಾನೇ ಹೇಳಿಕೊಂಡು ದಾಟಿಹೋದೆ. ಮುರಗೆಪ್ಪ ನನ್ನ ಹೆಸರು ಎಲ್ಲೂ ಎತ್ತಲಿಲ್ಲ. ಯಾರನ್ನೂ ಅಣಕಿಸುವುದನ್ನು ಮಾತ್ರ ಬಿಟ್ಟುಬಿಟ್ಟ.

ಆಮೇಲೆ ಲಾಠಿ ತಿಂದೆ, ಎರಡು ಸಲ ಜೇಲು ಕಂಡೆ. ಆ ಒಂದು ನಗು ಮಾತ್ರ ನನ್ನಿಂದ ಆಗಲಿಲ್ಲ.

ನಲವತ್ತೆಂಟರಲ್ಲಿ ಸಂಸ್ಥಾನ ಹೋಯಿತು. ಜೇಲಿಗೆ ಹೋದವರಿಗೆ ಪಟಕಾ ಸುತ್ತಿ ಸತ್ಕಾರ ಮಾಡುವುದೆಂದು ಊರವರು ಗೊತ್ತುಮಾಡಿದರು. ನೇಯುವ ಕೆಲಸ ಮುರಗೆಪ್ಪನಿಗೆ ಬಂತು. ಅವನ ಮನೆಗೆ ಹೋದೆ. ಲಾಳಿ ನಿಲ್ಲಿಸದೆ ಕೇಳಿದ:

"ನಿಮಗ ಎಷ್ಟು ಮೊಳ ನೇಯಲಿರಿ?"

ಒಳಗಿನಿಂದ ಅನಸವ್ವ ನಕ್ಕಳು. ಒಬ್ಬಳೇ, ಇನ್ನೊಬ್ಬರು ನಗಲೆಂದು ಕಾಯದೆ.

ಸತ್ಕಾರಕ್ಕೆ ಹೋದೆ. ಇಪ್ಪತ್ತು ಮೊಳದ್ದೇ ಇತ್ತು. ತಲೆ ಬಗ್ಗಿಸಿ ಸುತ್ತಿಸಿಕೊಂಡೆ.