ಮಾವನವರ ಶಲ್ಯ

ನಿಜಾಮರ ಕಾಲದಲ್ಲಿ ಕಲಬುರಗಿಯಿಂದ ನಮ್ಮ ಕಮಲಾಪುರಕ್ಕೆ ಒಬ್ಬ ಹಗಲುವೇಷದವನು ಬರುತ್ತಿದ್ದ. ಬಂದವನೇ ಕುಣಿಯುತ್ತಿರಲಿಲ್ಲ, ದಿನವಿಡೀ ಕಟ್ಟೆಯ ಮೇಲೆ ಕೂತು ಜನರನ್ನು ನೋಡುತ್ತಿದ್ದ. ಕೇಳಿದರೆ, “ಮೊದಲ ನೋಡಬೇಕ್ರೀ, ಆಮ್ಯಾಲ ಆಡಬೇಕು” ಅನ್ನುತ್ತಿದ್ದ.

ಆ ವರ್ಷ ಪಂಚಮಿಗೆ ನನ್ನನ್ನು ತವರಿಗೆ ಕಳಿಸಲು ಊರ ಗೌಡರಾದ ನಮ್ಮ ಮಾವನವರು ಒಪ್ಪಿರಲಿಲ್ಲ. ನಮ್ಮ ಅಂಗಳದಲ್ಲೇ ಅವನು ಸೊಸೆಯನ್ನು ತವರಿಗೆ ಕಳಿಸದ ಮುದುಕನಾದ. ಬಣ್ಣವಿಲ್ಲ, ಬಾಯಿಪಾಠದ ಮಾತಿಲ್ಲ. ಥೇಟು ಮಾವನವರಂತೆ ಶಲ್ಯ ಮಡಿಸಿ ತೊಡೆಯ ಮೇಲಿಟ್ಟು, “ಬರೋ ವರ್ಷ ನೋಡಮು” ಅಂದ. ಜನ ಬಿದ್ದು ಬಿದ್ದು ನಕ್ಕರು. ಬಾಗಿಲ ಹಿಂದೆ ನಿಂತು ನಾನು ಮಾವನವರ ಮುಖ ನೋಡಿದೆ.

ಮಾವನವರಿಗೆ ತಮ್ಮ ಗುರುತೇ ಹತ್ತಲಿಲ್ಲ. ತಮ್ಮ ಶಲ್ಯ ಮಡಿಸುತ್ತಲೇ ಬೈದರು: “ಎಂಥಾ ಮೊಂಡ ಮುದುಕ ಅದಾನೋ ಇಂವ! ಪಂಚಮಿಗಾದ್ರೂ ಸೊಸೀನ ಕಳಸಬಾರದೇನು?”

ಅವನು ತಟ್ಟನೆ ಬಾಗಿಲ ಕಡೆ ತಿರುಗಿದ.

“ಅವ್ವಾರ, ಗೌಡ್ರ ಹುಕುಂ ಆತ್ರೀ. ಗಂಟು ಕಟ್ಟಕೋರಿ.”